ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ಇಲ್ಲಿ ಏನೂ ಬರೆಯದೆ ಎರಡು ತಿಂಗಳಾಯಿತು. ಕೆಲಸ ಜಾಸ್ತಿ ಅನ್ನೋದು ಹಳೇ ನೆಪ, ಅದನ್ನ ಬಿಡಿ. ನಿಜ ಹೇಳಬೇಕೆಂದರೆ ಈ ಲೇಖನವನ್ನ ಮೂರು ಸಲ ಶುರು ಮಾಡಿ ಮೂರು ಸಲವೂ ಅಳಿಸಿದ್ದೇನೆ. ಬರೆದರೆ ನನ್ನ ಮೇಲೆ ನಾನೇ ಚಾಡಿ ಹೇಳಿಕೊಂಡ ಹಾಗಾಗುತ್ತೆ ಅನ್ನೋ ಹಿಂಜರಿಕೆ. ಆದರೆ ಮತ್ತೆ ಅಪ್ರೈಸಲ್ ಕಾಲ ಬಂದಿದೆ, ಈ ಸಲವೂ ಸುಮ್ಮನಿದ್ದರೆ ಆಗಲ್ಲ ಅನ್ನಿಸಿ ಕೂತಿದ್ದೇನೆ.

ವಿಷಯ ಇಷ್ಟು. ಹೋದ ವರ್ಷ ನನ್ನನ್ನ ಟೀಮ್ ಲೀಡ್ ಮಾಡಿದರು. ಊರಲ್ಲಿ ಅಮ್ಮ ಪಾಯಸ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದಳು. ಹತ್ತು ಜನರ ಟೀಮು. ಮಾರ್ಚ್ ಮುಗಿಯುತ್ತಿದ್ದ ಹಾಗೆ ನನ್ನ ಮುಂದೆ ಒಂದು ಎಕ್ಸೆಲ್ ಹಾಳೆ ಬಂತು. ಹತ್ತು ಜನರಲ್ಲಿ ಇಬ್ಬರು ಮೇಲಿನ ಡಬ್ಬದಲ್ಲಿ, ಏಳು ಜನ ನಡುವಿನ ಡಬ್ಬದಲ್ಲಿ, ಒಬ್ಬರು ಕೆಳಗಿನ ಡಬ್ಬದಲ್ಲಿ. ಹೆಸರು ತುಂಬಿಸಬೇಕು, ಅಷ್ಟೇ. ಕೆಳಗಿನ ಡಬ್ಬಕ್ಕೆ ಬಿದ್ದವರಿಗೆ ಹೈಕ್ ಇಲ್ಲ, ಮುಂದಿನ ವರ್ಷ ಪ್ರಮೋಷನ್ ಮಾತೂ ಇಲ್ಲ.

"ಎಲ್ಲರೂ ಚೆನ್ನಾಗೇ ಕೆಲಸ ಮಾಡಿದಾರಲ್ಲ ಸಾರ್?" ಅಂದೆ ನನ್ನ ಮ್ಯಾನೇಜರಿಗೆ.

"ನಂಗೂ ಗೊತ್ತು ಕಣಯ್ಯಾ. ಆದ್ರೆ ಒಬ್ರನ್ನ ಹಾಕ್ಲೇಬೇಕು. ಬೆಲ್ ಕರ್ವ್ ಅದು, ಸ್ಟ್ಯಾಟಿಸ್ಟಿಕ್ಸು. ನಾವೇನ್ ಮಾಡಕ್ಕಾಗುತ್ತೆ?"

ನಾನು ಹಾಕಿದೆ. ದಾವಣಗೆರೆ ಕಡೆಯ ಒಬ್ಬ ಹುಡುಗಿ. ನಮ್ಮ ಪ್ರಾಜೆಕ್ಟಿನ ಅತಿ ಹಳೆಯ, ಯಾರೂ ಮುಟ್ಟೋಕೆ ಇಷ್ಟಪಡದ ಬಿಲ್ಲಿಂಗ್ ಮಾಡ್ಯೂಲ್ ಅವಳ ಪಾಲಿಗೆ ಬಂದಿತ್ತು. ಮುಚ್ಚಿದ ಮೇಲೆ ಮತ್ತೆ ತೆರೆದುಕೊಂಡ ಟಿಕೆಟ್‌ಗಳ ಲೆಕ್ಕದಲ್ಲಿ ಅವಳ ಹೆಸರೇ ಮೇಲಿತ್ತು. ಮೀಟಿಂಗ್ ರೂಮಿನಲ್ಲಿ ಕೂರಿಸಿ ರೇಟಿಂಗ್ ಹೇಳಿದಾಗ ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ನಾನು ಏನು ತಪ್ಪು ಮಾಡಿದೆ ಅಂತ ಒಂದು ಹೇಳಿ ಸಾಕು. ಮುಂದಿನ ವರ್ಷಕ್ಕೆ ಸರಿ ಮಾಡ್ಕೋತೀನಿ" ಅಂದಳು.

ನಾನು ಏನಂದೆ ಗೊತ್ತಾ? "ಕಮ್ಯುನಿಕೇಷನ್ ಇಂಪ್ರೂವ್ ಆಗಬೇಕು." ನಮ್ಮ ಇಂಡಸ್ಟ್ರಿಯಲ್ಲಿ ಹೇಳೋಕೆ ಏನೂ ಇಲ್ಲದಾಗ ಹೇಳೋ ಮಾತು ಅದು ಅಂತ ನಿಮಗೂ ಗೊತ್ತು, ಅವಳಿಗೂ ಗೊತ್ತಿತ್ತು.

ಅವಳಿಗೆ ಸಿಕ್ಕಿದ್ದು ಕೆಟ್ಟ ಮಾಡ್ಯೂಲ್ ಅಂತ ಮ್ಯಾನೇಜರ್ ಹತ್ತಿರ ಒಂದು ಮಾತು ಹೇಳಿ ನೋಡಿದ್ದೆ. ಅವರು ನಕ್ಕು ಗಾದೆ ಹೇಳಿದರು: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಚಿಕ್ಕಂದಿನಿಂದ ಕೇಳಿದ ಗಾದೆ. ಆದರೆ ಅವತ್ತು ರಾತ್ರಿ ಕ್ಯಾಬಿನಲ್ಲಿ ಬರುವಾಗ ಮೊದಲ ಸಲ ಒಂದು ಪ್ರಶ್ನೆ ಬಂತು. ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಅದನ್ನ ಯಾರಾದರೂ ಅಳತೆ ಮಾಡಿ ನೋಡಿದಾರಾ?

ನೋಡಿದವರು ಒಬ್ಬರಿದ್ದರು. ಈ ಲೇಖನ ಅವರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ಸಂಖ್ಯಾಶಾಸ್ತ್ರಜ್ಞ ಅಂದರೆ ಬೆಳಿಗ್ಗೆ ಟಿವಿಯಲ್ಲಿ ಬಂದು ಹೆಸರಿಗೆ ಒಂದು 'ಎ' ಜಾಸ್ತಿ ಸೇರಿಸಿಕೊಳ್ಳಿ ಅನ್ನುವವರಲ್ಲ :-) ಕನ್ನಡದಲ್ಲಿ ಪಾಪ ಎರಡಕ್ಕೂ ಒಂದೇ ಹೆಸರಾಗಿಬಿಟ್ಟಿದೆ. ನಾನು ಹೇಳುತ್ತಿರೋದು ಸ್ಟ್ಯಾಟಿಸ್ಟಿಕ್ಸ್ ಬಗ್ಗೆ. "ಸ್ಟ್ಯಾಟಿಸ್ಟಿಕ್ಸು, ನಾವೇನ್ ಮಾಡಕ್ಕಾಗುತ್ತೆ" ಅಂದರಲ್ಲ ಮ್ಯಾನೇಜರು, ಸರಿ, ಸ್ಟ್ಯಾಟಿಸ್ಟಿಕ್ಸ್ ಓದಿದವರು ಈ ಬಗ್ಗೆ ಏನು ಹೇಳಿದ್ದಾರೆ ನೋಡೋಣ ಅಂತ ಹುಡುಕಿದೆ. ನಮ್ಮ ಆಫೀಸಿನ ಕ್ವಾಲಿಟಿ ವಿಭಾಗದ ಕಪಾಟಿನಲ್ಲೇ, ಧೂಳು ಹಿಡಿದು ಕೂತಿತ್ತು ಒಂದು ಪುಸ್ತಕ. 'ಔಟ್ ಆಫ್ ದಿ ಕ್ರೈಸಿಸ್'. ಬರೆದವರು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್.

ಡೆಮಿಂಗ್ ಹುಟ್ಟಿದ್ದು 1900ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ಬೆಳೆದದ್ದು ವ್ಯೋಮಿಂಗ್‌ನ ಒಂದು ಪುಟ್ಟ ಊರಿನಲ್ಲಿ, ಬಡತನದಲ್ಲಿ. 1921ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದರು. ಅಂದರೆ ನಮ್ಮ ಹಾಗೇ ಇಂಜಿನಿಯರಿಂಗ್ ಓದಿ ಬೇರೆಲ್ಲೋ ಹೋದ ಗಿರಾಕಿ :-) ಆಮೇಲೆ 1928ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಪಿಎಚ್‌ಡಿ. ಮೊದಲು ಸರ್ಕಾರದ ಕೃಷಿ ಇಲಾಖೆಯಲ್ಲಿ, 1939ರಿಂದ ಜನಗಣತಿ ಇಲಾಖೆಯಲ್ಲಿ ಕೆಲಸ. ಅಮೆರಿಕದ 1940ರ ಜನಗಣತಿಯಲ್ಲಿ ಕೆಲವು ಪ್ರಶ್ನೆಗಳನ್ನ ಎಲ್ಲರಿಗೂ ಕೇಳದೆ ಆಯ್ದ ಒಂದಷ್ಟು ಜನರಿಗೆ ಮಾತ್ರ ಕೇಳಿ ಇಡೀ ದೇಶದ ಲೆಕ್ಕ ಹಾಕುವ ಪದ್ಧತಿ ಬಂತು. ಆ ಸ್ಯಾಂಪ್ಲಿಂಗ್ ಕೆಲಸದಲ್ಲಿ ಡೆಮಿಂಗ್ ಪಾತ್ರ ದೊಡ್ಡದು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತ ನಮ್ಮ ಅಜ್ಜಿಗೂ ಗೊತ್ತಿತ್ತು. ಎಷ್ಟು ಅಗುಳು, ಪಾತ್ರೆಯ ಯಾವ ಮೂಲೆಯಿಂದ, ತಪ್ಪಾಗುವ ಸಂಭವ ಎಷ್ಟು ಅಂತ ಲೆಕ್ಕ ಹಾಕಿ ಹೇಳೋದು ಈ ಜನರ ಕಸುಬು.

ಆದರೆ ಅವರ ಬದುಕನ್ನ ತಿರುಗಿಸಿದ್ದು ಬೆಲ್ ಲ್ಯಾಬ್ಸ್‌ನ ವಾಲ್ಟರ್ ಶೂಹಾರ್ಟ್ ಅನ್ನೋ ಇನ್ನೊಬ್ಬ ಭೌತಶಾಸ್ತ್ರಜ್ಞರ ಒಂದು ಯೋಚನೆ. 1924ರಲ್ಲಿ ಶೂಹಾರ್ಟ್ 'ಕಂಟ್ರೋಲ್ ಚಾರ್ಟ್' ಅಂತ ಒಂದು ಚಿತ್ರ ಬರೆದರು. ಯಾವ ಕೆಲಸ ಮಾಡಿದರೂ ಫಲಿತಾಂಶ ದಿನಾ ಒಂದೇ ಥರ ಇರಲ್ಲ, ಏರುಪೇರು ಇದ್ದೇ ಇರುತ್ತೆ. ಈ ಏರುಪೇರಿನಲ್ಲಿ ಎರಡು ಜಾತಿ. ಒಂದು, ಆ ವ್ಯವಸ್ಥೆಯೊಳಗೇ ಹುಟ್ಟೋದು: ಯಂತ್ರ, ಕಚ್ಚಾವಸ್ತು, ಬೆಳಕು, ತರಬೇತಿ, ಹೀಗೆ ನೂರಾರು ಸಣ್ಣ ಕಾರಣಗಳು ಸೇರಿ ಆಗೋದು. ಇನ್ನೊಂದು, ಹೊರಗಿನಿಂದ ಬಂದ ಒಂದು ವಿಶೇಷ ಕಾರಣದಿಂದ ಆಗೋದು. ಸರಾಸರಿಯ ಮೇಲೊಂದು ಕೆಳಗೊಂದು ಗೆರೆ ಎಳೆದು, ಗೆರೆಗಳ ನಡುವೆ ಬಿದ್ದದ್ದಕ್ಕೆ ಒಬ್ಬೊಬ್ಬರನ್ನ ಹಿಡಿದು ವಿಚಾರಿಸಬೇಡಿ, ಆಚೆ ಬಿದ್ದದ್ದಕ್ಕೆ ಮಾತ್ರ ಕಾರಣ ಹುಡುಕಿ ಅನ್ನೋದು ಶೂಹಾರ್ಟ್ ಪಾಠ.

ಕೇಳೋಕೆ ಕಾರ್ಖಾನೆಯ ಬೋಲ್ಟು ನಟ್ಟಿನ ವಿಷಯ. ಇದು ಮನುಷ್ಯರಿಗೂ ಅನ್ವಯಿಸುತ್ತೆ ಅಂತ ಸಾರುತ್ತಾ ಹೋದದ್ದು ಡೆಮಿಂಗ್.

1946ರಲ್ಲಿ ಡೆಮಿಂಗ್ ಸರ್ಕಾರಿ ಕೆಲಸ ಬಿಟ್ಟು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಾಣಿಜ್ಯ ಶಾಲೆಯಲ್ಲಿ ಸಂಖ್ಯಾಶಾಸ್ತ್ರದ ಪ್ರೊಫೆಸರ್ ಆದರು. ಜೊತೆಗೇ ಸ್ವಂತ ಕನ್ಸಲ್ಟಿಂಗ್ ಶುರು ಮಾಡಿದರು. ಮನೆ ವಾಷಿಂಗ್ಟನ್‌ನಲ್ಲಿ, ಪಾಠ ನ್ಯೂಯಾರ್ಕಿನಲ್ಲಿ. ಆಫೀಸು ಅಂದರೆ ಅದೇ ಮನೆಯ ನೆಲಮಾಳಿಗೆ. ದಶಕಗಳ ಕಾಲ ಜೊತೆಗಿದ್ದ ಒಬ್ಬ ಕಾರ್ಯದರ್ಶಿ. ನಮ್ಮ ಕಣ್ಣಿಗೆ ಕಾಣೋ ಕನ್ಸಲ್ಟೆಂಟ್‌ಗಳ ಸೂಟು ಬೂಟು, ನೂರು ಸ್ಲೈಡಿನ ಪ್ರೆಸೆಂಟೇಷನ್, ಹಿಂದೆ ಮುಂದೆ ಆರು ಜನ ಅಸೋಸಿಯೇಟ್‌ಗಳು ಯಾವುದೂ ಇಲ್ಲ. ರೈಲ್ವೆ, ಲಾರಿ ಸಾಗಣೆ ಕಂಪನಿಗಳಿಗೆಲ್ಲ ಸ್ಯಾಂಪ್ಲಿಂಗ್ ಮಾಡಿಕೊಡುತ್ತಾ ಇದ್ದರು. ವಿಶ್ವಸಂಸ್ಥೆಯಲ್ಲಿ ಸ್ಯಾಂಪ್ಲಿಂಗ್ ಬಗ್ಗೆ ಒಂದು ಉಪ ಆಯೋಗವಿತ್ತು. ಅದರ ಅಧ್ಯಕ್ಷರು ನಮ್ಮ ಪ್ರಶಾಂತ ಚಂದ್ರ ಮಹಾಲನೋಬಿಸ್, ಡೆಮಿಂಗ್ ಒಬ್ಬ ಸದಸ್ಯರು. ಅದೇ ಮಹಾಲನೋಬಿಸ್ 1947-48ರಲ್ಲಿ ಶೂಹಾರ್ಟ್‌ರನ್ನ ಭಾರತಕ್ಕೆ ಕರೆಸಿದ್ದರು. ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬೋರ್ಡು ನೋಡಿದ್ದೀರಲ್ಲ, ಅದು ಮಹಾಲನೋಬಿಸ್ ಕಟ್ಟಿದ ಸಂಸ್ಥೆಯ ಬೆಂಗಳೂರು ಕೇಂದ್ರ. ಎಷ್ಟು ಸಲ ಅದರ ಮುಂದೆ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋಗಿದ್ದೇನೋ ನಾನು!

ಈ ಮನುಷ್ಯನ ಬಗ್ಗೆ ನನಗೆ ತುಂಬಾ ಹಿಡಿಸಿದ್ದು 1965ರಲ್ಲಿ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್' ಪತ್ರಿಕೆಯಲ್ಲಿ ಬರೆದ ಒಂದು ಲೇಖನ. ಥಿಯರಮ್ಮುಗಳೇ ತುಂಬಿರುವ ಆ ಪತ್ರಿಕೆಯಲ್ಲಿ ಇವರು ಬರೆದದ್ದು ಕನ್ಸಲ್ಟಿಂಗ್ ಮಾಡುವ ಸಂಖ್ಯಾಶಾಸ್ತ್ರಜ್ಞನ ನಡತೆಯ ಬಗ್ಗೆ. ಅದರ ಸಾರ: ಯಾವ ಪ್ರಶ್ನೆ ಕೇಳಬೇಕು, ಯಾವ ಜನರ ಬಗ್ಗೆ, ಯಾವ ವಸ್ತುಗಳ ಬಗ್ಗೆ ಕೇಳಬೇಕು ಅನ್ನೋದು ಕ್ಲೈಂಟಿನ ಜವಾಬ್ದಾರಿ. ಆ ವಿಷಯದ ಜ್ಞಾನ ಅವರದ್ದು. ಉತ್ತರ ಎಷ್ಟು ನಂಬಲರ್ಹ, ಅದರಲ್ಲಿ ತಪ್ಪು ಎಲ್ಲೆಲ್ಲಿ ನುಸುಳಬಹುದು ಅನ್ನೋದು ಸಂಖ್ಯಾಶಾಸ್ತ್ರಜ್ಞನ ಜವಾಬ್ದಾರಿ. ಕೆಲಸ ಶುರುವಾಗುವ ಮೊದಲೇ ಇದು ಇಬ್ಬರಿಗೂ ಸ್ಪಷ್ಟವಾಗಿರಬೇಕು. ಅಂಕಿ ಅಂಶ ಹೇಳದೇ ಇರೋದನ್ನ ಅದರ ಬಾಯಿಂದ ಹೇಳಿಸಬಾರದು.

ಇದನ್ನ ಓದಿ ನನ್ನ ಎಕ್ಸೆಲ್ ಹಾಳೆ ನೆನಪಾಯಿತು. ಅಲ್ಲಿ ಆಗಿದ್ದು ಇದರ ಉಲ್ಟಾ. ತೀರ್ಮಾನ ಮೊದಲೇ ಆಗಿತ್ತು, ಅದನ್ನ ಅಂಕಿಗಳ ಬಾಯಿಂದ ಹೇಳಿಸೋಕೆ ನನ್ನನ್ನ ಕೂರಿಸಿದ್ದರು.

ಜಪಾನಿನ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಚುಟುಕಾಗಿ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸಾವಿರಾರು ಇಂಜಿನಿಯರುಗಳಿಗೆ ಈ ಚಾರ್ಟುಗಳನ್ನ ಕಲಿಸಿದ್ದರು. ಯುದ್ಧ ಮುಗಿದ ಮೇಲೆ ಎಲ್ಲ ಆರಿಹೋಯಿತು. ಯಾಕೆ ಅಂತ ಡೆಮಿಂಗ್ ಯೋಚಿಸಿದರು. ಕಲಿತದ್ದು ಇಂಜಿನಿಯರುಗಳು, ನಿರ್ಧಾರ ತೆಗೆದುಕೊಳ್ಳುವವರು ಮೇಲಿನವರು, ಮೇಲಿನವರಿಗೆ ಇದರ ಗಂಧಗಾಳಿ ಇಲ್ಲ. 1947ರಲ್ಲಿ ಜನಗಣತಿ ಕೆಲಸಕ್ಕೆ ಅಂತ ಜಪಾನಿಗೆ ಹೋಗಿದ್ದವರನ್ನ 1950ರಲ್ಲಿ ಅಲ್ಲಿನ ವಿಜ್ಞಾನಿಗಳ ಮತ್ತು ಇಂಜಿನಿಯರುಗಳ ಒಕ್ಕೂಟ ಉಪನ್ಯಾಸಕ್ಕೆ ಕರೆಯಿತು. ಈ ಸಲ ಅವರು ಹಳೇ ತಪ್ಪು ಮಾಡಲಿಲ್ಲ. ಇಂಜಿನಿಯರುಗಳಿಗೆ ಪಾಠ ಮಾಡಿದ್ದಲ್ಲದೆ ದೊಡ್ಡ ಕಂಪನಿಗಳ ಮುಖ್ಯಸ್ಥರನ್ನೂ ಒಂದು ಕಡೆ ಕೂರಿಸಿ, ಗುಣಮಟ್ಟ ನಿಮ್ಮ ಕೋಣೆಯಲ್ಲಿ ಹುಟ್ಟಬೇಕು, ಕಾರ್ಖಾನೆಯ ಕೊನೇ ಸಾಲಿನಲ್ಲಲ್ಲ ಅಂದರು. ಆ ಉಪನ್ಯಾಸಗಳ ಪುಸ್ತಕದಿಂದ ಬಂದ ರಾಯಧನ ತಮಗೆ ಬೇಡ ಅಂದರು. ಆ ದುಡ್ಡಿನಿಂದಲೇ 1951ರಲ್ಲಿ ಡೆಮಿಂಗ್ ಪ್ರಶಸ್ತಿ ಶುರುವಾಯಿತು. ನಮ್ಮ ಟಿವಿಎಸ್ ಮೋಟಾರ್‌ಗೆ 2002ರಲ್ಲಿ ಬಂತಲ್ಲ, ಅದೇ ಪ್ರಶಸ್ತಿ.

ಜಪಾನನ್ನ ಡೆಮಿಂಗ್ ಒಬ್ಬರೇ ಎತ್ತಿ ನಿಲ್ಲಿಸಿದರು ಅಂತ ನಾನು ಹೇಳಲ್ಲ. ಅಲ್ಲೇ ಕಓರು ಇಶಿಕಾವಾ ಅಂಥವರಿದ್ದರು, 1954ರಲ್ಲಿ ಜೋಸೆಫ್ ಜುರಾನ್ ಹೋಗಿ ಪಾಠ ಮಾಡಿದರು. ಮುಖ್ಯ ಸಂಗತಿ ಬೇರೆ. ಜಪಾನ್ 1960ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಪದಕ ಕೊಟ್ಟು ಗೌರವಿಸಿದ ಈ ಮನುಷ್ಯ ಸ್ವಂತ ದೇಶದ ಕಾರ್ಖಾನೆಗಳ ಮಾಲೀಕರಿಗೆ ಗೊತ್ತೇ ಇರಲಿಲ್ಲ! ಹಿತ್ತಲ ಗಿಡ ಮದ್ದಲ್ಲ ಅನ್ನೋದು ಅಮೆರಿಕಕ್ಕೂ ಸಲ್ಲುತ್ತೆ ನೋಡಿ. 1980ರ ಜೂನ್‌ನಲ್ಲಿ ಎನ್‌ಬಿಸಿ ಟಿವಿಯಲ್ಲಿ ಜಪಾನಿಗೆ ಆಗಿದ್ದು ನಮಗೇಕೆ ಆಗದು ಅಂತ ಕೇಳುವ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಡೆಮಿಂಗ್ ಕಾಣಿಸಿಕೊಂಡರು. ಆಗ ಅವರಿಗೆ ಎಂಬತ್ತರ ಹತ್ತಿರ. ಅಲ್ಲಿಂದ ನೆಲಮಾಳಿಗೆಯ ಫೋನು ಸುಮ್ಮನಾಗಲೇ ಇಲ್ಲ.

ಕರೆದವರಲ್ಲಿ ಫೋರ್ಡ್ ಕೂಡ ಒಂದು. 1979ರಿಂದ 1982ರ ನಡುವೆ 3 ಬಿಲಿಯನ್ ಡಾಲರಿಗೂ ಹೆಚ್ಚು ಕಳೆದುಕೊಂಡ ಕಂಪನಿ ಅದು. ಗುಣಮಟ್ಟ ಹೆಚ್ಚಿಸೋ ಸೂತ್ರ ಹೇಳ್ತಾರೆ ಅಂತ ಕಾದಿದ್ದವರಿಗೆ ಡೆಮಿಂಗ್ ಕೇಳಿದ್ದೆಲ್ಲ ಅವರ ಆಡಳಿತದ ಬಗ್ಗೆ. ತೊಂದರೆಯಲ್ಲಿ ಬಹುಪಾಲು ನಿಮ್ಮದು, ಕೆಲಸಗಾರರದ್ದಲ್ಲ ಅಂದರು. ಮೊದಮೊದಲು ಅದನ್ನ ನೂರಕ್ಕೆ 85 ಅನ್ನುತ್ತಿದ್ದವರು ಆಮೇಲೆ 94ಕ್ಕೆ ಏರಿಸಿದರು! ಫೋರ್ಡಿನವರು ಹೊರಗೆ ಹಾಕಲಿಲ್ಲ, ಕೇಳಿಸಿಕೊಂಡರು. 1986ರ ಹೊತ್ತಿಗೆ ಫೋರ್ಡ್‌ನ ಲಾಭ ಜನರಲ್ ಮೋಟಾರ್ಸ್ ಲಾಭವನ್ನ ಮೀರಿಸಿತ್ತು, 1920ರ ದಶಕದ ನಂತರ ಮೊದಲ ಸಲ. ಇದರಲ್ಲೂ ಬೇರೆ ಕಾರಣಗಳಿದ್ದವು. ನನಗೆ ಆಶ್ಚರ್ಯ ಅನ್ನಿಸೋದು ಆ ಮೊದಲ ದಿನದ ಮಾತು. ದುಡ್ಡು ಕೊಟ್ಟು ಕರೆಸಿದವನ ಎದುರಿಗೇ ಕೂತು "ರೋಗ ನಿಮ್ಮಲ್ಲಿದೆ ಸ್ವಾಮೀ" ಅನ್ನೋದು ಸುಲಭ ಅಲ್ಲ. ಅದಕ್ಕೆ ಧೈರ್ಯದ ಜೊತೆ ಇನ್ನೊಂದು ಬೇಕು: ಆ ಕ್ಲೈಂಟ್ ಹೋದರೂ ನಡೆಯುತ್ತೆ ಅನ್ನೋ ಸ್ವಾತಂತ್ರ್ಯ. ವಿಶ್ವವಿದ್ಯಾಲಯದ ಪಾಠ ಮತ್ತು ನೆಲಮಾಳಿಗೆಯ ಸರಳ ಬದುಕು ಅವರಿಗೆ ಅದನ್ನ ಕೊಟ್ಟಿತ್ತು ಅಂತ ನನ್ನ ಅನಿಸಿಕೆ. ತಿಂಗಳಿಗೊಂದು ಇಎಂಐ ಕಟ್ಟೋ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಈಗ ಕೆಂಪು ಮಣಿಗಳ ಆಟಕ್ಕೆ ಬರೋಣ. ವೃದ್ಧಾಪ್ಯದಲ್ಲಿ ಡೆಮಿಂಗ್ ಊರೂರು ತಿರುಗಿ ನಾಲ್ಕು ದಿನಗಳ ಶಿಬಿರ ನಡೆಸುತ್ತಿದ್ದರು. ಅದರಲ್ಲಿ ತಪ್ಪದೆ ಒಂದು ಆಟ ಇರುತ್ತಿತ್ತು. ಒಂದು ಪೆಟ್ಟಿಗೆಯಲ್ಲಿ 4000 ಮಣಿಗಳು, 3200 ಬಿಳಿ, 800 ಕೆಂಪು. ಸಭೆಯಿಂದ ಆರು ಜನರನ್ನ ಕರೆದು 'ಕೆಲಸಗಾರರು' ಅಂತ ನೇಮಿಸುತ್ತಾರೆ. 50 ಗುಳಿಗಳಿರುವ ಒಂದು ಹಲಗೆಯನ್ನ ಪೆಟ್ಟಿಗೆಯಲ್ಲಿ ಅದ್ದಿ ತೆಗೆಯಬೇಕು, ಪ್ರತಿ ಗುಳಿಯಲ್ಲೂ ಒಂದು ಮಣಿ ಕೂರುತ್ತೆ. ಗ್ರಾಹಕನಿಗೆ ಬಿಳಿ ಮಾತ್ರ ಬೇಕು, ಕೆಂಪು ಬಂದರೆ ದೋಷ. ಡೆಮಿಂಗ್ ತಾವೇ ಮೇಸ್ತ್ರಿ. ಒಬ್ಬನಿಗೆ 6 ಕೆಂಪು ಬಂತು, ಶಹಬ್ಬಾಸ್, ಬಹುಮಾನ. ಇನ್ನೊಬ್ಬಳಿಗೆ 14 ಬಂತು, ಬೈಗುಳ, ಎಚ್ಚರಿಕೆ. ಮರುದಿನ ಬಹುಮಾನ ಗೆದ್ದವನಿಗೇ 12 ಬರುತ್ತೆ. "ಬಹುಮಾನ ಕೊಟ್ಟಿದ್ದಕ್ಕೆ ತಲೆ ತಿರುಗಿತು ಇವನಿಗೆ" ಅಂತ ಮೇಸ್ತ್ರಿ ಗೊಣಗುತ್ತಾನೆ. ಬೈಸಿಕೊಂಡವಳಿಗೆ 9 ಬಂದರೆ "ನೋಡಿ, ಬೈದಿದ್ದು ಕೆಲಸ ಮಾಡ್ತು" ಅಂತ ಬೀಗುತ್ತಾನೆ. ಕೊನೆಗೆ ಕೆಳಗಿನ ಮೂವರನ್ನ ಮನೆಗೆ ಕಳಿಸಿ, ಮೇಲಿನ ಮೂವರಿಂದಲೇ ಡಬಲ್ ಪಾಳಿ ಕೆಲಸ ಮಾಡಿಸುತ್ತಾರೆ. ಆದರೂ ಕೆಂಪು ಮಣಿ ಕಮ್ಮಿ ಆಗಲ್ಲ, ಕಂಪನಿ ಮುಚ್ಚುತ್ತೆ.

ಸಭೆಯಲ್ಲಿ ಎಲ್ಲರೂ ನಗುತ್ತಾರೆ. ಕೆಂಪು ಮಣಿ ಪೆಟ್ಟಿಗೆಯಲ್ಲಿದೆ, ಹಲಗೆ ಅದ್ದುವವನ ಕೈಯಲ್ಲಿ ಏನೂ ಇಲ್ಲ ಅಂತ ಮಕ್ಕಳಿಗೂ ಗೊತ್ತಾಗುತ್ತೆ. ನಕ್ಕವರು ಆಫೀಸಿಗೆ ಹೋಗಿ ಅದನ್ನೇ ಮಾಡುತ್ತಾರೆ.

ಲೆಕ್ಕ ನೀವೇ ಹಾಕಬಹುದು. ನೂರಕ್ಕೆ 20 ಕೆಂಪು ಅಂದರೆ 50 ಗುಳಿಗೆ ಸರಾಸರಿ 10. ಶೂಹಾರ್ಟ್ ಗೆರೆ ಎಳೆದರೆ ಸುಮಾರು 2ರಿಂದ 18ರವರೆಗೆ ಎಲ್ಲವೂ ಆ ಪೆಟ್ಟಿಗೆಯದ್ದೇ ಆಟ. ನಾನು ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಆರು ಜನ 'ಕೆಲಸಗಾರ'ರನ್ನ ಹನ್ನೆರಡು ತಿಂಗಳು ಓಡಿಸಿದೆ. ವರ್ಷದ ಕೊನೆಗೆ ಒಬ್ಬನ ಖಾತೆಯಲ್ಲಿ 106 ಕೆಂಪು, ಇನ್ನೊಬ್ಬನ ಖಾತೆಯಲ್ಲಿ 133. ಅಂತರ 27! ನಮ್ಮ ಅಪ್ರೈಸಲ್ ಮೀಟಿಂಗಿನಲ್ಲಾದರೆ ಇದಕ್ಕೆ ಎಂಥೆಂಥ ಕತೆ ಕಟ್ಟುತ್ತಿದ್ದೆವು ಯೋಚಿಸಿ. ಮೊದಲನೆಯವನು ಸ್ವಯಂಪ್ರೇರಿತ, ಎರಡನೆಯವನಿಗೆ ಓನರ್‌ಶಿಪ್ ಇಲ್ಲ... ಇಬ್ಬರೂ ಒಂದೇ ರ್‍ಯಾಂಡಮ್ ಫಂಕ್ಷನ್ನಿನ ಮಕ್ಕಳು.

ಆಮೇಲೆ ಬೆಲ್ ಕರ್ವ್ ಅನ್ನೋದನ್ನೇ ಹಿಡಿದೆ. ಸಣ್ಣಸಣ್ಣ ಕಾರಣಗಳು ಬಹಳಷ್ಟು ಸೇರಿದಾಗ ಅಳತೆಗಳು ಹಾಗೆ ಗಂಟೆಯಾಕಾರದಲ್ಲಿ ಹರಡಿಕೊಳ್ಳುತ್ತವೆ ಅನ್ನೋದು ನಿಜ. ಅದು ಆಗಿದ್ದನ್ನ ವರ್ಣಿಸುವ ಚಿತ್ರ, ಹೀಗೇ ಆಗಬೇಕು ಅನ್ನೋ ಕಾನೂನಲ್ಲ. ಇಡೀ ಕಂಪನಿಯಲ್ಲಿ ನೂರಕ್ಕೆ ಹತ್ತು ಜನ 'ಕೆಳಗಿನವರು' ಅಂತ ಒಪ್ಪಿಕೊಂಡೇ ಬಿಡೋಣ. ಅದರಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿ, ಹತ್ತು ಜನರ ಟೀಮ್ ಮಾಡಿದರೆ ಅದರಲ್ಲಿ ಒಬ್ಬ ಕೆಳಗಿನವನೂ ಇಲ್ಲದಿರುವ ಸಂಭವ 0.9ನ್ನ ಹತ್ತು ಸಲ ಗುಣಿಸಿದಷ್ಟು, ಸುಮಾರು ನೂರಕ್ಕೆ 35. ಅಂದರೆ ಪ್ರತಿ ಮೂರು ಟೀಮಿನಲ್ಲಿ ಒಂದರಲ್ಲಿ ಕೆಳಗಿನ ಡಬ್ಬಕ್ಕೆ ಹಾಕೋಕೆ ಯಾರೂ ಇರೋದೇ ಇಲ್ಲ. ಆದರೂ ಒಬ್ಬರನ್ನ ಹಾಕ್ತೀವಿ. "ಸ್ಟ್ಯಾಟಿಸ್ಟಿಕ್ಸು" ಅಂತ ಹೇಳಿ! ಆ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇದೆಯಾ?

ಡೆಮಿಂಗ್ ವರ್ಷಕ್ಕೊಮ್ಮೆ ರೇಟಿಂಗ್ ಕೊಡೋ ಪದ್ಧತಿಯನ್ನ ಪಾಶ್ಚಾತ್ಯ ಆಡಳಿತದ ಏಳು ಮಾರಕ ರೋಗಗಳಲ್ಲಿ ಒಂದು ಅಂತಲೇ ಕರೆದರು. ಬರೀ ಹೇಳಲಿಲ್ಲ, ತಾವೂ ಹಾಗೇ ನಡೆದರು. ತರಗತಿಯಲ್ಲಿ ಎಲ್ಲರಿಗೂ ಪಾಸ್ ಕೊಡುತ್ತಿದ್ದರು. ವಿದ್ಯಾರ್ಥಿಗಳು ಬರೆದದ್ದನ್ನ ಓದುತ್ತಿದ್ದದ್ದು ಅಂಕ ಕೊಡೋಕಲ್ಲ. ನಾನು ಹೇಗೆ ಪಾಠ ಮಾಡ್ತಿದ್ದೀನಿ ಅಂತ ತಿಳಿಯೋಕೆ, ಯಾರಿಗೆ ವಿಶೇಷ ಸಹಾಯ ಬೇಕು ಅಂತ ನೋಡೋಕೆ, ಯಾರಿಗೆ ಇನ್ನೂ ಹೆಚ್ಚು ಕೆಲಸ ಕೊಡಬಹುದು ಅಂತ ಗುರುತಿಸೋಕೆ. ಪಿಯುಸಿ ಪರ್ಸೆಂಟೇಜು, ಸಿಇಟಿ ರ್‍ಯಾಂಕು ಅಂತ ಬದುಕನ್ನೇ ಅಂಕೆಯಲ್ಲಿ ಅಳೆದುಕೊಂಡು ಬಂದ ನಮ್ಮಂಥವರಿಗೆ ಇದನ್ನ ಓದಿದರೆ ಉಸಿರು ಸಿಕ್ಕ ಹಾಗಾಗುತ್ತೆ.

ಹಾಗಂತ ಅವರು ಹೇಳಿದ್ದೆಲ್ಲ ವೇದವಾಕ್ಯ ಅಂತ ನಾನು ಒಪ್ಪಲ್ಲ. ಹೈಕಿಗೆ ಇರೋ ದುಡ್ಡು ಇಷ್ಟೇ ಅಂತ ಇದ್ದಾಗ ಹೇಗೆ ಹಂಚಬೇಕು? ಈ ಪ್ರಶ್ನೆಗೆ ಅವರ ಪುಸ್ತಕದಲ್ಲಿ ನನಗೆ ಸಮಾಧಾನ ಆಗೋ ಉತ್ತರ ಸಿಗಲಿಲ್ಲ. ಯಾರನ್ನೂ ಅಳೆಯದೇ ಇದ್ದರೆ ಏನಾಗುತ್ತೆ ಅನ್ನೋದೂ ನನಗೆ ಗೊತ್ತು. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದವರು. ಹತ್ತು ಗಂಟೆಗೆ ಸಹಿ ಹಾಕಿ ಹನ್ನೊಂದಕ್ಕೆ ಕಾಫಿಗೆ ಹೋಗಿ ಮತ್ತೆ ಬಾರದ ಸಹೋದ್ಯೋಗಿಗೂ ಅಪ್ಪನಿಗೂ ಒಂದೇ ದಿನ, ಒಂದೇ ಇನ್‌ಕ್ರಿಮೆಂಟ್. ಅಪ್ಪ ಅದನ್ನ ಮನೆಯಲ್ಲಿ ಹೇಳಿಕೊಂಡು ಬೇಜಾರು ಮಾಡಿಕೊಳ್ಳುತ್ತಿದ್ದದ್ದು ನೆನಪಿದೆ. ಗೆರೆಯಾಚೆ ನಿಜವಾಗಿಯೂ ಬೀಳುವ ಜನ ಇರ್ತಾರೆ, ಎರಡೂ ಕಡೆ. ಡೆಮಿಂಗ್ ಅದನ್ನ ಅಲ್ಲಗಳೆಯಲಿಲ್ಲ. ಅವರ ತಕರಾರು ಏನಂದರೆ, ಗೆರೆಯೊಳಗೆ ಇರುವವರನ್ನ ಒಂದು ಎರಡು ಮೂರು ಅಂತ ನಿಲ್ಲಿಸಿ ಕೊನೆಯವರನ್ನ ಹೊಡೆಯಬೇಡಿ ಅಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬೇಡಿ ಅಂತ.

ಆ ರಾತ್ರಿಗಳಲ್ಲೇ ನಾನು ಮೂರು ವರ್ಷದ ಟಿಕೆಟ್ ಲೆಕ್ಕ ತೆಗೆದು ಕಂಟ್ರೋಲ್ ಚಾರ್ಟ್ ಹಾಕಿದೆ. ಮೊದಲು ಜನರ ಹೆಸರಿನಲ್ಲಿ. ಅವಳ ಗೆರೆ ಮೇಲೇ ಇತ್ತು, ಸುಳ್ಳು ಹೇಳಲ್ಲ. ಆಮೇಲೆ ಅದೇ ಅಂಕಿಗಳನ್ನ ಮಾಡ್ಯೂಲ್ ಹೆಸರಿನಲ್ಲಿ ಜೋಡಿಸಿದೆ. ಬಿಲ್ಲಿಂಗ್ ಮಾಡ್ಯೂಲ್ ಮೂರು ವರ್ಷವೂ ಮೇಲೇ ಇತ್ತು. ಅವಳಿಗಿಂತ ಮುಂಚೆ ಇಬ್ಬರು ಅದನ್ನ ನೋಡಿಕೊಂಡಿದ್ದರು, ಇಬ್ಬರ ಕಾಲದಲ್ಲೂ ಅಷ್ಟೇ. ಅವರಲ್ಲಿ ಒಬ್ಬ ಬೇರೆ ಮಾಡ್ಯೂಲಿಗೆ ಹೋದ ತಿಂಗಳೇ ಅವನ ಗೆರೆ ಸರ್ರನೆ ಕೆಳಗೆ ಇಳಿದಿದೆ. ಅವನನ್ನೇ ನಾನು ಹೋದ ವರ್ಷ ಮೇಲಿನ ಡಬ್ಬಕ್ಕೆ ಹಾಕಿದ್ದೆ.

ಬಹಳ ಹೊತ್ತು ಆ ಚಿತ್ರವನ್ನೇ ನೋಡುತ್ತಾ ಕೂತಿದ್ದೆ. ನೆಲ ಡೊಂಕಾಗಿತ್ತು. ಅಳತೆ ಮಾಡೋಕೆ ಬೇಕಾದ ಅಂಕಿ ಎಲ್ಲ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ನಾನು ಅಳೆದಿರಲಿಲ್ಲ, ಅಷ್ಟೇ.

ಇನ್ನೊಂದು ತಮಾಷೆ ನೋಡಿ. ನಮ್ಮ ಸಾಫ್ಟ್‌ವೇರ್ ಕಂಪನಿಗಳು ರಿಸೆಪ್ಷನ್ ಗೋಡೆಗೆ ಹಾಕಿಕೊಳ್ಳುವ ಸಿಎಂಎಂ ಲೆವೆಲ್ 5 ಅನ್ನೋ ಫಲಕ ಇದೆಯಲ್ಲ, ಅದರ ಬೇರು ಇರೋದೇ ಶೂಹಾರ್ಟ್ ಮತ್ತು ಡೆಮಿಂಗ್ ಅವರಲ್ಲಿ. ದೋಷ ಕಂಡರೆ ಮನುಷ್ಯನನ್ನಲ್ಲ, ಪ್ರಕ್ರಿಯೆಯನ್ನ ನೋಡಿ ಅನ್ನೋದು ಅದರ ಮೂಲಮಂತ್ರ. 1990ರ ದಶಕದಲ್ಲೇ ಬೆಂಗಳೂರಿನ ಮೊಟೊರೊಲಾ ಕೇಂದ್ರ ಆ ಮಟ್ಟ ಮುಟ್ಟಿ ಜಗತ್ತೇ ತಿರುಗಿ ನೋಡಿತ್ತು. ಅದೇ ಇಂಡಸ್ಟ್ರಿಯ ಎಚ್‌ಆರ್ ವಿಭಾಗ ತಂದು ಕೂರಿಸಿದ್ದು ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್ ಅವರ 20-70-10 ಸೂತ್ರವನ್ನ. ಅಂದರೆ ಕೋಡಿಗೆ ಡೆಮಿಂಗ್, ಕೋಡ್ ಬರೆಯುವವರಿಗೆ ವೆಲ್ಚ್! ಮೈಕ್ರೋಸಾಫ್ಟ್ 2013ರಲ್ಲೇ ಇಂಥ ಪದ್ಧತಿ ಕೈಬಿಟ್ಟಿತು. ನಮ್ಮಲ್ಲಿ ಬಹಳ ಕಡೆ ಹೆಸರು ಮಾತ್ರ ಬದಲಾಗಿ ನಾರ್ಮಲೈಸೇಷನ್, ಕ್ಯಾಲಿಬ್ರೇಷನ್ ಅಂತ ಆಗಿದೆ. ಡಬ್ಬಗಳು ಅಲ್ಲೇ ಇವೆ.

ಚಾರ್ಟು ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಪೂರ್ತಿ ನೋಡಿದರು. "ಚೆನ್ನಾಗಿದೆ ಕಣಯ್ಯಾ. ಆದ್ರೆ ನನ್ ಮೇಲೂ ಒಂದು ಹಾಳೆ ಇದೆ" ಅಂದರು. ಅವರ ಮೇಲಿನವರಿಗೂ ಒಂದು ಹಾಳೆ ಇರುತ್ತೆ. ಡೆಮಿಂಗ್ ಯಾಕೆ ನೇರ ಕಂಪನಿಯ ಅಧ್ಯಕ್ಷರ ಹತ್ತಿರವೇ ಮಾತಾಡುತ್ತೇನೆ ಅಂತ ಹಟ ಹಿಡಿಯುತ್ತಿದ್ದರು ಅನ್ನೋದು ನನಗೆ ಅವತ್ತು ಅರ್ಥವಾಯಿತು. ಬಿಲ್ಲಿಂಗ್ ಮಾಡ್ಯೂಲನ್ನ ಹೊಸದಾಗಿ ಬರೆಯೋಕೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಸಣ್ಣ ಗೆಲುವು ಅಂದುಕೊಳ್ಳಿ.

ಅಷ್ಟು ಹೊತ್ತಿಗೆ ಆ ಹುಡುಗಿ ರಾಜೀನಾಮೆ ಕೊಟ್ಟಾಗಿತ್ತು. ಕೊನೇ ದಿನ ಕ್ಯಾಂಟೀನಿನಲ್ಲಿ ಎರಡು ಚಾರ್ಟನ್ನೂ ತೋರಿಸಿ, "ನೀನು ಏನೂ ತಪ್ಪು ಮಾಡಿರಲಿಲ್ಲ. ನಾನು ಹೇಳಿದ್ದು ಸುಳ್ಳು" ಅಂದೆ. ಅವಳು ಚಾರ್ಟನ್ನ ಗಮನ ಇಟ್ಟು ನೋಡಿದಳು. "ಇದನ್ನ ಮಾರ್ಚ್‌ನಲ್ಲಿ ಮಾಡಬಹುದಿತ್ತಲ್ವಾ?" ಅಂತ ಕೇಳಿದಳು. ಕೋಪದಿಂದ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳೋ ಥರ. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಬೇರೆ ಕಡೆ ಚೆನ್ನಾಗಿದ್ದಾಳೆ.

ಡೆಮಿಂಗ್ 1993ರ ಡಿಸೆಂಬರಿನಲ್ಲಿ ತೀರಿಕೊಂಡರು, 93 ವರ್ಷ. ಆ ವರ್ಷದವರೆಗೂ ಪಾಠ ಮಾಡುತ್ತಲೇ ಇದ್ದರು. ಒಂದೇ ಮಾತನ್ನ ಅಷ್ಟು ವರ್ಷ ಹೇಳುತ್ತಾ ಹೋದದ್ದಕ್ಕೆ ಬೇಜಾರಾಗಲಿಲ್ಲವಾ ಅಂತ ಅನ್ನಿಸುತ್ತೆ. ಆದರೆ ಕೇಳಿದವರು ನಕ್ಕು, ಮನೆಗೆ ಹೋಗಿ, ಮತ್ತೆ ಮಣಿ ಎಣಿಸುತ್ತಿದ್ದರೆ ಹೇಳುವವರು ನಿಲ್ಲಿಸೋದಾದರೂ ಹೇಗೆ?

ಈ ವರ್ಷದ ಎಕ್ಸೆಲ್ ಹಾಳೆ ನನ್ನ ಮೇಲ್‌ಬಾಕ್ಸಿನಲ್ಲಿ ಕೂತು ನಾಲ್ಕು ದಿನವಾಯಿತು. ಶುಕ್ರವಾರ ಕೊನೇ ದಿನ. ಹತ್ತು ಜನರ ಚಾರ್ಟು ಹಾಕಿ ನೋಡಿದ್ದೇನೆ, ಗೆರೆಯಾಚೆ ಯಾರೂ ಇಲ್ಲ. ಕೆಳಗಿನ ಡಬ್ಬ ಖಾಲಿ ಬಿಟ್ಟು ಚಾರ್ಟನ್ನ ಜೊತೆಗೆ ಲಗತ್ತಿಸಿ ಕಳಿಸೋದು ಅಂತ ತೀರ್ಮಾನಿಸಿದ್ದೇನೆ. ಹಾಳೆ ವಾಪಸ್ ಬರುತ್ತೆ, ಗೊತ್ತು. ಎರಡನೇ ಸಲವೂ ಖಾಲಿ ಕಳಿಸೋಷ್ಟು ಧೈರ್ಯ ನನಗಿದೆಯಾ, ಅದು ಗೊತ್ತಿಲ್ಲ. ಹಾಗೆ ಖಾಲಿ ಬಿಟ್ಟರೆ ನನ್ನ ಹೆಸರನ್ನೇ ಅಲ್ಲಿ ಬರೆದಾರು ಅಂತಾನೂ ಒಂದು ಅಳುಕು.

ನಿಮ್ಮಲ್ಲಿ ಎಷ್ಟೋ ಜನ ನನ್ನಂತೆಯೇ ಲೀಡ್‌ಗಳು, ಮ್ಯಾನೇಜರುಗಳು ಇದ್ದೀರಿ. ನಿಮ್ಮ ಹಾಳೆಯನ್ನ ಹೇಗೆ ತುಂಬಿಸುತ್ತೀರಿ? ಯಾರಾದರೂ ಖಾಲಿ ಬಿಟ್ಟು ದಕ್ಕಿಸಿಕೊಂಡಿದ್ದೀರಾ? ಶುಕ್ರವಾರದೊಳಗೆ ಹೇಳಿದರೆ ಉಪಕಾರವಾಗುತ್ತೆ :-)

ತಾ.ಕ.: ಈ ಗಾದೆಯನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿ, ನೆಲ ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡಬೇಕಮ್ಮಾ ಅಂತ ಕೇಳಿದೆ. "ಸಾರಿಸೋವಾಗ್ಲೇ ಸಮ ಮಾಡ್ಕೋಬೇಕಪ್ಪ, ಕುಣಿಯೋಕೆ ಕರೆದಮೇಲೆ ಅಲ್ಲ" ಅಂದಳು. ನೆಲಮಾಳಿಗೆಯ ಆ ಪ್ರೊಫೆಸರ್ ಕೇಳಿಸಿಕೊಂಡಿದ್ದರೆ ತಲೆದೂಗುತ್ತಿದ್ದರು.